ಒಡಕಿನಲ್ಲಿ ಹೊನ್ನು: ಕೊರಿಯಾದ ಶಿಲ್ಪಿ ಯೀ ಸೂಕ್ಯಂಗ್

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ದೊಣ್ಣೆಯು ಕುಂಬಾರನ ಶ್ರಮವನ್ನರಿಯದ ಅನ್ಯನೊಬ್ಬನ ಕೈಯಲ್ಲಿದೆಯೆಂದೇ ಈ ಗಾದೆಯ ಭಾವ. ಆದರೆ ಕುಂಬಾರನೇ ದೊಣ್ಣೆಯನ್ನು ಹಿಡಿದರೆ? ತಿಗುರಿಯ ಮೇಲೆ ತಾನೇ ರೂಪಿಸಿ, ತಾನೇ ಸುಟ್ಟ ಪಾತ್ರೆಯನ್ನು ತಾನೇ ಒಡೆದುಹಾಕಿದರೆ? ದಕ್ಷಿಣ ಕೊರಿಯಾದ ಕುಂಬಾರಿಕೆಯ ಊರುಗಳಲ್ಲಿ ಇದು ನಡೆಯುವ ಸಂಗತಿ. ಹಾಗೆ ಒಡೆದೆಸೆದ ಬೋಕಿಗಳಿಂದಲೇ ಶಿಲ್ಪಗಳನ್ನು ಕಟ್ಟುತ್ತಿರುವ ಕಲಾವಿದೆ ಯೀ ಸೂಕ್ಯಂಗ್. ಆಕೆಯ ಕೃತಿಗಳನ್ನು ಪರಿಚಯಿಸಿ, ಅವು ಎತ್ತುವ ಒಂದು ಪ್ರಶ್ನೆಯನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಆ ನಾಡಿನ ಪರಂಪರೆಯನ್ನು ಸ್ವಲ್ಪ ನೋಡೋಣ. ಗೊರ್ಯೊ ರಾಜವಂಶದ ಕಾಲದಲ್ಲಿ (918–1392) ಅಲ್ಲಿಯ ಕುಂಬಾರರು ತಿಳಿಹಸಿರು ಮೆರುಗಿನ ಪಾತ್ರೆಗಳಿಗೆ ಹೆಸರಾಗಿದ್ದರು. ಮೆರುಗಿನಲ್ಲಿರುವ ಅಲ್ಪ ಕಬ್ಬಿಣದ ಅಂಶವು ಗಾಳಿ ಕಡಮೆಯಾದ ಬೆಂಕಿಯಲ್ಲಿ ಬೆಂದಾಗ ಆ ಹಸಿರು ಬರುತ್ತದೆ. ಅನಂತರ ಬಂದ ಜೊಸೊನ್ ರಾಜವಂಶದವರು ಕನ್ಫ್ಯೂಷಿಯಸ್ ಮತದ ಸರಳತೆಗೆ ಒಲಿದು ಬಿಳಿಯ ಪಿಂಗಾಣಿಯನ್ನು ಆದರಿಸಿದರು. ಆ ಕಾಲದ ‘ಚಂದ್ರಕುಂಭ’ವೆಂಬ ದುಂಡನೆಯ ಬಿಳಿಯ ಜಾಡಿ ಇಂದಿಗೂ ಕೊರಿಯನರ ಹೆಮ್ಮೆ. ಇದು ಒಂದೇ ಸಲಕ್ಕೆ ತಿಗುರಿಯ ಮೇಲೆ ಎದ್ದುಬಂದುದಲ್ಲ. ಎರಡು ಬೋಗುಣಿಗಳನ್ನು ಬಾಯಿಗೆ ಬಾಯಿ ಕೂಡಿಸಿ ಮಾಡಿದುದು. ಆದುದರಿಂದ ಅದರ ನಡುವಿನಲ್ಲಿ ಒಂದು ಬೆಸುಗೆಯೂ ಆಕಾರದಲ್ಲಿ ಕೊಂಚ ಸೊಟ್ಟವೂ ಇರುವುದು ಸಾಮಾನ್ಯ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಇಂದು ಇಚೊನ್ ಮೊದಲಾದ ಊರುಗಳಲ್ಲಿ ನುರಿತ ಕುಂಬಾರರು ಈ ಹಳೆಯ ಪಾತ್ರೆಗಳ ಪ್ರತಿರೂಪಗಳನ್ನು ತಯಾರಿಸುತ್ತಾರೆ. ಜೇಡಿಯು ಒಣಗುವಾಗ ಕುಗ್ಗುತ್ತದೆ, ಬೇಯುವಾಗ ಮತ್ತೆ ಕುಗ್ಗುತ್ತದೆ. ಪಿಂಗಾಣಿಗೆ ಬೇಕಾದ ಶಾಖವು ಸುಮಾರು 1,300 ಡಿಗ್ರಿ ಸೆಂಟಿಗ್ರೇಡ್. ಸೌದೆಯ ಆವಗೆಯಲ್ಲಿ ಉರಿಯು ಎಲ್ಲ ಕಡೆಗೂ ಸಮನಾಗಿ ಹರಿಯದು. ಒಂದು ಕಡೆ ಬೂದಿಯ ಚುಕ್ಕೆ, ಇನ್ನೊಂದು ಕಡೆ ಕೂದಲೆಳೆಯಂಥ ಬಿರುಕು, ಮತ್ತೊಂದು ಕಡೆ ಬಣ್ಣದ ವ್ಯತ್ಯಾಸ. ಆವಗೆಯನ್ನು ತೆರೆದ ಕುಂಬಾರನು ಒಂದೊಂದನ್ನೂ ಪರೀಕ್ಷಿಸಿ, ಲೋಪವುಳ್ಳವನ್ನು ಅಲ್ಲಿಯೇ ಒಡೆಯುತ್ತಾನೆ. ಅದು ಕೋಪವಲ್ಲ, ವೃತ್ತಿಧರ್ಮ. ಕುಂದುಳ್ಳ ಪಾತ್ರೆ ತನ್ನ ಹೆಸರಿನಲ್ಲಿ ಹೊರಗೆ ಹೋಗಬಾರದೆಂಬ ನಿಷ್ಠೆ.

ಯೀ ಸೂಕ್ಯಂಗ್ ಜನಿಸಿದ್ದು 1963ರಲ್ಲಿ, ಸೋಲ್ ನಗರದಲ್ಲಿ. ಅಲ್ಲಿಯ ರಾಷ್ಟ್ರೀಯ ವಿಶ್ವವಿದ್ಯಾನಿಲಯದಲ್ಲಿ ಆಕೆ ಕಲಿತದ್ದು ಚಿತ್ರಕಲೆಯನ್ನು. 2001ರಲ್ಲಿ ಇಟಲಿಯ ಅಲ್ಬಿಸೋಲದಲ್ಲಿ ನಡೆದ ಕುಂಬಾರಕಲೆಯ ಪ್ರದರ್ಶನಕ್ಕಾಗಿ ಆಕೆ ಒಂದು ವಿಚಿತ್ರ ಪ್ರಯೋಗವನ್ನು ಮಾಡಿದಳು. ಬಿಳಿಯ ಪಿಂಗಾಣಿಯನ್ನು ಹೊಗಳುವ ಕೊರಿಯನ್ ಕವಿತೆಯೊಂದನ್ನು ಇಟಲಿಯ ಭಾಷೆಗೆ ತಿರುಗಿಸಿ, ಅಲ್ಲಿಯ ಕುಂಬಾರ ಮಹಿಳೆಯೊಬ್ಬಳಿಗೆ ಕೊಟ್ಟು, ಅದರಲ್ಲಿರುವಂತೆ ಪಾತ್ರೆಗಳನ್ನು ಮಾಡಲು ಕೇಳಿದಳು. ಹೀಗೆ ಹುಟ್ಟಿದ ಪಾತ್ರೆಗಳು ಪೂರ್ತಿ ಕೊರಿಯದವೂ ಅಲ್ಲ, ಪೂರ್ತಿ ಇಟಲಿಯವೂ ಅಲ್ಲ. ‘ಭಾಷಾಂತರಗೊಂಡ ಕುಂಭ’ ಎಂಬ ಹೆಸರಿನ ಮೂಲ ಇದು. ತಾಯ್ನಾಡಿಗೆ ಮರಳಿದ ಮೇಲೆ ಕುಂಬಾರರು ಪಾತ್ರೆಗಳನ್ನು ಒಡೆಯುವುದನ್ನು ಕಂಡ ಆಕೆ ಆ ಬೋಕಿಗಳನ್ನು ಬೇಡಿ ತಂದಳು. ಅದೇ ಹೆಸರಿನ ಶಿಲ್ಪಮಾಲೆ ಅಲ್ಲಿಂದ ಬೆಳೆಯಿತು.

ಆಕೆಯ ವಿಧಾನ ಹೇಳಲು ಸುಲಭ, ಮಾಡಲು ಕಷ್ಟ. ಮೊದಲೇ ಬರೆದಿಟ್ಟ ನಕ್ಷೆಯಿಲ್ಲ. ಒಂದು ಬೋಕಿಯ ಅಂಚಿಗೆ ಹೊಂದುವ ಮತ್ತೊಂದನ್ನು ಹುಡುಕಿ, ಎಪಾಕ್ಸಿ ಅಂಟಿನಿಂದ ಕೂಡಿಸಿ, ಸಂದಿನ ಮೇಲೆ 24 ಕ್ಯಾರೆಟ್ ಚಿನ್ನದ ರೇಕನ್ನು ಹೊದಿಸುತ್ತಾಳೆ. ಒಂದು ಹೂಜಿಯ ಕೊರಳು ಮತ್ತೊಂದರ ಹೊಟ್ಟೆಗೆ ಸೇರುತ್ತದೆ. ಘಟಸರ್ಪದ ಬಾಲ ಬಿಳಿಯ ಬೋಗುಣಿಯ ಬೆನ್ನೇರುತ್ತದೆ. ಶಿಲ್ಪವು ನೊರೆಯ ಗುಳ್ಳೆಗಳಂತೆ ಉಬ್ಬುಬ್ಬಾಗಿ ಬೆಳೆಯುತ್ತದೆ. 2017ರ ವೆನಿಸ್ ಬಿನಾಲೆಯಲ್ಲಿ ಆಕೆ ಇರಿಸಿದ ಒಂಬತ್ತು ಘಟಸರ್ಪಗಳ ಹೆಸರಿನ ಕೃತಿಯ ಎತ್ತರ ಸುಮಾರು 5 ಮೀಟರ್.

ಚಿನ್ನವೇ ಏಕೆ? ಕೊರಿಯನ್ ಭಾಷೆಯಲ್ಲಿ ‘ಗುಮ್’ ಎಂಬ ಶಬ್ದಕ್ಕೆ ಬಿರುಕು ಎಂಬ ಅರ್ಥವೂ ಉಂಟು, ಚಿನ್ನ ಎಂಬ ಅರ್ಥವೂ ಉಂಟು. ನಮ್ಮ ಅಲಂಕಾರಶಾಸ್ತ್ರದವರು ಶ್ಲೇಷೆಯೆಂದು ಕರೆಯುವುದನ್ನು ಈ ಶಿಲ್ಪಿ ಕಣ್ಣಿಗೆ ಕಾಣುವಂತೆ ಮಾಡಿದ್ದಾಳೆ. ಜಪಾನಿನಲ್ಲಿ ಒಡೆದ ಬಟ್ಟಲನ್ನು ಅರಗಿನಂಥ ಮರದ ಅಂಟಿನಿಂದಲೂ ಚಿನ್ನದ ಪುಡಿಯಿಂದಲೂ ಬೆಸೆಯುವ ‘ಕಿಂತ್ಸುಗಿ’ ಪದ್ಧತಿಯನ್ನು ಕೆಲವರು ಇದರೊಡನೆ ಹೋಲಿಸುವುದುಂಟು. ಆದರೆ ಭೇದವು ಸ್ಪಷ್ಟ. ಅಲ್ಲಿ ಒಡೆದ ಬಟ್ಟಲು ಮತ್ತೆ ಅದೇ ಬಟ್ಟಲಾಗಿ ಚಹಕ್ಕೆ ಒದಗುತ್ತದೆ. ಇಲ್ಲಿ ಯಾವ ಪಾತ್ರೆಯೂ ತನ್ನ ಹಿಂದಿನ ರೂಪಕ್ಕೆ ಮರಳುವುದಿಲ್ಲ. ಹಲವು ಪಾತ್ರೆಗಳ ಅವಶೇಷಗಳು ಕೂಡಿ ಹಿಂದೆಂದೂ ಇಲ್ಲದ ಆಕೃತಿಯೊಂದು ಹುಟ್ಟುತ್ತದೆ. ಇದು ಜೀರ್ಣೋದ್ಧಾರವಲ್ಲ, ನೂತನ ಸೃಷ್ಟಿ.

ಇಲ್ಲೊಂದು ಆಕ್ಷೇಪಣೆಯನ್ನು ಎದುರಿಸಬೇಕು. ಕಸಕ್ಕೆ ಚಿನ್ನ ಬಳಿದ ಮಾತ್ರಕ್ಕೆ ಕಲೆಯಾಗುವುದೇ? ಚಿನ್ನದ ಬೆಲೆಯೇ ಕೃತಿಯ ಬೆಲೆಯೆನಿಸುವ ಅಪಾಯವಿಲ್ಲವೇ? ಈ ಸಂದೇಹವನ್ನು ತಳ್ಳಿಹಾಕಲಾಗದು. ಆದರೆ ಚಿನ್ನವು ಇಲ್ಲಿ ಬಿರುಕನ್ನು ಮುಚ್ಚುತ್ತಿಲ್ಲ, ಎತ್ತಿ ತೋರಿಸುತ್ತಿದೆ. ಲೋಪವನ್ನು ಮರೆಮಾಡುವುದಕ್ಕಾಗಿ ಒಡವೆ ತೊಡುವುದು ಬೇರೆ. ಇಲ್ಲಿ ಒಡೆದೆನೆಂದು ಹೇಳಿಕೊಳ್ಳುವುದಕ್ಕೇ ಒಡವೆ ಬಂದಿದೆ.

ಈಗ ಚಂದ್ರಕುಂಭದ ಮಾತಿಗೆ ಹಿಂದಿರುಗೋಣ. ಪೂರ್ವಿಕರು ಬೆಸುಗೆಯುಳ್ಳ, ಕೊಂಚ ಓರೆಯಾದ ಜಾಡಿಯನ್ನು ಪ್ರೀತಿಯಿಂದ ಕಾಪಾಡಿದರು. ಅವರ ಪಾತ್ರೆಗಳನ್ನು ಅನುಕರಿಸುವ ಇಂದಿನವರು ಅಲ್ಪ ದೋಷವನ್ನೂ ಸಹಿಸರು. ಪರಂಪರೆಯು ಜೀವಂತವಾಗಿದ್ದಾಗ ಅದಕ್ಕೆ ಕುಂದನ್ನು ತಾಳುವ ಶಕ್ತಿಯಿತ್ತು. ಅದು ಮಾದರಿಯಾಗಿ ಗಟ್ಟಿಗೊಂಡಾಗ ಆ ಶಕ್ತಿ ಕುಗ್ಗಿತು. ಇದು ಕುಂಬಾರಿಕೆಗೆ ಮಾತ್ರ ಸಲ್ಲುವ ಮಾತೆಂದು ನನಗೆ ತೋರುವುದಿಲ್ಲ. ಸಾಹಿತ್ಯದಲ್ಲಿ, ಸಂಗೀತದಲ್ಲಿ, ವಿದ್ಯಾಭ್ಯಾಸದಲ್ಲಿಯೂ ಹಿರಿಯರ ಮಾದರಿಯನ್ನು ನಾವು ಅಳತೆಗೋಲಾಗಿ ಹಿಡಿಯುತ್ತೇವೆ. ಅಳತೆಗೋಲು ಬೇಕು, ಅದಿಲ್ಲದೆ ಕಸುಬು ಉಳಿಯದು. ಅಳತೆಗೆ ಹೊಂದದೆ ಹೊರಗೆ ಬಿದ್ದವುಗಳತ್ತ ಬಾಗಿ ನೋಡುವ ಒಬ್ಬರಾದರೂ ಬೇಕು. ದೊಣ್ಣೆ ಹಿಡಿದ ಕುಂಬಾರನನ್ನು ಯೀ ಸೂಕ್ಯಂಗ್ ತಡೆಯಲಿಲ್ಲ, ನಿಂದಿಸಲೂ ಇಲ್ಲ. ಅವನ ಕೆಲಸ ಮುಗಿದ ಎಡೆಯಿಂದ ತನ್ನ ಕೆಲಸವನ್ನು ಆರಂಭಿಸಿದಳು. ಆಕೆಯ ಕಲೆಯ ಹಿರಿಮೆ ಇರುವುದು ಅಲ್ಲಿ.