ಹಸಿ ಮಾರುವುದೋ, ಬೇಯಿಸುವುದೋ? ಎರಡು ಗೆರೆಗಳ ಲೆಕ್ಕ

ಕೊಯ್ಲು ಹತ್ತಿರವಾದಂತೆ ಚನ್ನಗಿರಿ ಸೀಮೆಯ ಸದಸ್ಯ ಬಾಂಧವರು ನಮ್ಮನ್ನು ಕೇಳುವುದು ಒಂದೇ ಪ್ರಶ್ನೆ: ಹಸಿ ಅಡಿಕೆಯನ್ನು ಖೇಣಿದಾರರಿಗೆ ಕೊಡುವುದೋ, ನಾವೇ ಸುಲಿಸಿ, ಬೇಯಿಸಿ, ರಾಶಿ ಇಡಿ ಮಾಡಿ ಮಾರುವುದೋ? ಶಾಲೆಯಲ್ಲಿ ಕಲಿತು ಮರೆತ ಗ್ರಾಫ್ ಕಾಗದ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮಕ್ಕಳಿಂದ ಒಂದು ಹಾಳೆ ಕೇಳಿ ಪಡೆಯಿರಿ.

ಇಲ್ಲಿನ ಅಂಕಿಗಳು ಲೆಕ್ಕ ಕಲಿಯಲೆಂದು ಹಿಡಿದವು, ಪೇಟೆ ಧಾರಣೆಯಲ್ಲ. ಹಸಿ ಅಡಿಕೆ ಕ್ವಿಂಟಲಿಗೆ 5,000 ರೂ. ಎನ್ನೋಣ. ಅದನ್ನೇ ಬೇಯಿಸಿದರೆ 12 ಕೆ.ಜಿ. ಒಣ ಅಡಿಕೆ, ಕೆ.ಜಿ.ಗೆ 500ರಂತೆ 6,000 ರೂ.; ಸುಲಿತ, ಸೌದೆ, ಕೂಲಿ 500 ಕಳೆದರೆ 5,500. ಆದರೆ ಹಂಡೆ ಬಾಡಿಗೆ, ಟಾರ್ಪಾಲು, ಕಾವಲಿಗೆಂದು 20,000 ರೂ., ಫಸಲು ಎಷ್ಟೇ ಇರಲಿ, ಹೋಗಿಯೇ ಹೋಗುತ್ತದೆ. ಕ್ವಿಂಟಲನ್ನು ‘ಕ’, ಕೈಗುಳಿಯುವ ಹಣವನ್ನು ‘ಹ’ ಎಂದು ಕರೆದರೆ,

ಹಸಿ ಮಾರಿದರೆ: ಹ = 5,000ಕ
ಬೇಯಿಸಿದರೆ: ಹ = 5,500ಕ − 20,000

ಕಾಗದದ ಅಡ್ಡಕ್ಕೆ ಕ್ವಿಂಟಲು, ಮೇಲ್ಮುಖವಾಗಿ ಹಣ ಗುರುತಿಸಿ. 20 ಮತ್ತು 60 ಕ್ವಿಂಟಲಿಗೆ ಹಸಿಯಲ್ಲಿ 1,00,000 ಮತ್ತು 3,00,000. ಬೇಯಿಸಿದ್ದರಲ್ಲಿ 90,000 ಮತ್ತು 3,10,000. ಚುಕ್ಕಿ ಸೇರಿಸಿ ಗೆರೆ ಎಳೆಯಿರಿ. ಎರಡೂ 40 ಕ್ವಿಂಟಲಿನಲ್ಲಿ, 2 ಲಕ್ಷ ರೂಪಾಯಿಗೆ ಕೂಡುತ್ತವೆ. ಅದಕ್ಕಿಂತ ಕಡಿಮೆ ಫಸಲಿನವರಿಗೆ ಹಸಿ ಮಾರುವುದೇ ಮೇಲು. ಗೆರೆಗಳು ಒತ್ತೊತ್ತಾಗಿ ಓಡುವುದರಿಂದ ಪೆನ್ಸಿಲ್ ಮೊಂಡಾಗಿದ್ದರೆ ನಾಲ್ಕೈದು ಕ್ವಿಂಟಲು ತಪ್ಪೀತು; ಎರಡನ್ನೂ ಸಮ ಮಾಡಿ ತಾಳೆ ನೋಡಿ: 500ಕ = 20,000, ಆದ್ದರಿಂದ ಕ = 40.

ಖರ್ಚನ್ನು ಬಿಡಿಬಿಡಿಯಾಗಿ ಬರೆದಿಡದವರು (ನಾವೂ ಬಹಳ ಕಾಲ ಆ ಪೈಕಿಯೇ) ಎರಡು ಮೊತ್ತಗಳಿಂದ ಗೆರೆಯ ಸಮೀಕರಣ ಹುಡುಕಬಹುದು. ಒಂದೇ ಹಂಗಾಮಿನಲ್ಲಿ, ಒಂದೇ ರೀತಿಯ ಏರ್ಪಾಡಿನಲ್ಲಿ, 20 ಕ್ವಿಂಟಲು ಬೇಯಿಸಿದ ಮನೆಗೆ 90,000, 60 ಬೇಯಿಸಿದ ಮನೆಗೆ 3,10,000 ಉಳಿದಿದೆ. ಹಣದ ವ್ಯತ್ಯಾಸ 2,20,000ವನ್ನು 40 ಕ್ವಿಂಟಲಿಗೆ ಭಾಗಿಸಿದರೆ 5,500. ಇದೇ ಗೆರೆಯ ಇಳಿಜಾರು. 20 ಕ್ವಿಂಟಲಿಗೆ 1,10,000 ಬರಬೇಕಿತ್ತು, ಬಂದದ್ದು 90,000. ಕೊರೆಬಿದ್ದ 20,000ವೇ ಮೊದಲ ಖರ್ಚು.

ಒಮ್ಮೆ ನಾವು ಆ ದಿನದ ಧಾರಣೆಯೊಂದನ್ನೇ ನಂಬಿ ಹಂಡೆ ಹೂಡಿದೆವು. ಅಡಿಕೆ ಒಣಗುವಷ್ಟರಲ್ಲಿ ಧಾರಣೆ ಇಳಿದು, ಖೇಣಿಗೆ ಕೊಟ್ಟ ನೆರೆಯವರಿಗಿಂತ ಕಡಿಮೆ ಹಣ ಎಣಿಸಿದೆವು. ಮೇಲಿನ ಲೆಕ್ಕದಲ್ಲೇ ಒಣ ಅಡಿಕೆ 500ರಿಂದ 475ಕ್ಕೆ ಇಳಿದರೆ ಇಳಿಜಾರು 5,200 ಆಗುತ್ತದೆ. ಗೆರೆಗಳು ಕೂಡುವುದು 40ರಲ್ಲಲ್ಲ, 100 ಕ್ವಿಂಟಲಿನಲ್ಲಿ! 458 ರೂಪಾಯಿಗೆ ಇಳಿದರಂತೂ ಬೇಯಿಸಿದ ಗೆರೆ ಎಂದೂ ಹಸಿ ಗೆರೆಯನ್ನು ಮುಟ್ಟುವುದಿಲ್ಲ.

ಖೇಣಿದಾರರೊಡನೆ ಮಾತು ಮುಗಿಸುವ ಮುಂಚೆ ತುಮ್‌ಕೋಸ್ ಧಾರಣೆ ವಿಚಾರಿಸಿ, 25 ರೂ. ತಗ್ಗಿಸಿ ಇನ್ನೊಂದು ಗೆರೆಯನ್ನೂ ಎಳೆದು ನೋಡಿ. ಗ್ರಾಫ್ ಹಾಳೆಗಳನ್ನು ಸಂಘದ ಕಚೇರಿಯಲ್ಲಿ ಇಟ್ಟಿದ್ದೇವೆ.