ಬಾಡಿಗೆಗೆ ದುಡಿಯುವ ಟ್ರ್ಯಾಕ್ಟರಿನ ಖರ್ಚು-ವೆಚ್ಚದ ಲೆಕ್ಕ

ಮೈಸೂರು ತಾಲ್ಲೂಕಿನ ವರುಣಾ, ಇಲವಾಲ, ಜಯಪುರ ಹೋಬಳಿಗಳಲ್ಲಿ ಸ್ವಂತ ಟ್ರ್ಯಾಕ್ಟರುಳ್ಳ ಅನೇಕ ರೈತರು ತಮ್ಮ ಉಳುಮೆ ಮುಗಿದ ನಂತರ ನೆರೆಹೊರೆಯವರ ಜಮೀನಿಗೂ ಬಾಡಿಗೆಗೆ ಹೋಗುತ್ತಾರೆ. ಇವೆರಡೂ ಒಂದೇ ಯಂತ್ರದ ಕೆಲಸವಾದರೂ ಆದಾಯ ತೆರಿಗೆಯ ದೃಷ್ಟಿಯಲ್ಲಿ ಬೇರೆ ಬೇರೆ. ಸ್ವಂತ ಜಮೀನಿನ ಬೆಳೆಯಿಂದ ಬಂದದ್ದು ಕೃಷಿ ಆದಾಯ. ಅದಕ್ಕೆ ಕೇಂದ್ರದ ಆದಾಯ ತೆರಿಗೆಯಿಂದ ವಿನಾಯಿತಿ ಇದೆ. ಬೆಳೆದ ಮಾಲನ್ನು ಬಂಡೀಪಾಳ್ಯದ ಮಾರುಕಟ್ಟೆಗೆ ಸಾಗಿಸುವುದೂ ಇದರಲ್ಲೇ ಸೇರುತ್ತದೆ. ಆದರೆ ಬಾಡಿಗೆಯ ಹಣ ವ್ಯಾಪಾರದ ಆದಾಯ. 1961ರ ಕಾಯ್ದೆಯಲ್ಲಿದ್ದ ಈ ತತ್ವ 2025ರ ಹೊಸ ಕಾಯ್ದೆಯಲ್ಲಿಯೂ ಮುಂದುವರಿದಿದೆ.

ಬಾಡಿಗೆಗೆ ಬಂದ ಹಣವೆಲ್ಲವೂ ಲಾಭವಲ್ಲ. ಡೀಸೆಲ್, ದುರಸ್ತಿ, ವಿಮೆ, ಚಾಲಕನ ಕೂಲಿ, ಸಾಲದ ಬಡ್ಡಿ ಹಾಗೂ ಯಂತ್ರದ ಸವಕಳಿಯನ್ನು ಅದರಿಂದ ಕಳೆಯಬಹುದು. ಸಾಲದ ಅಸಲು, ಪೊಲೀಸರಿಗೆ ತೆತ್ತ ದಂಡ, ಮಾಲೀಕನು ತಾನೇ ಓಡಿಸಿದರೆ ತನ್ನ ಕೂಲಿ, ಇವನ್ನು ಕಳೆಯುವಂತಿಲ್ಲ. ಖರ್ಚಿನಲ್ಲಿಯೂ ಬಾಡಿಗೆಯ ಪಾಲು ಮಾತ್ರ ಸಲ್ಲುತ್ತದೆ. ಆ ಪಾಲು ಎಷ್ಟೆಂಬುದಕ್ಕೆ ಬರೆದಿಟ್ಟ ಪುಸ್ತಕವೇ ಆಧಾರ.

ಒಂದು ಉದಾಹರಣೆ ನೋಡೋಣ. ವರ್ಷಕ್ಕೆ ಟ್ರ್ಯಾಕ್ಟರು 600 ಗಂಟೆ ದುಡಿಯಿತು. ಸ್ವಂತಕ್ಕೆ 200, ಬಾಡಿಗೆಗೆ 400. ಗಂಟೆಗೆ 4 ಲೀಟರಿನಂತೆ 2,400 ಲೀಟರ್ ಡೀಸೆಲ್. ಲೀಟರಿಗೆ 90 ರೂ. ಹಿಡಿದರೆ 2,16,000 ರೂ. ದುರಸ್ತಿಗೆ 36,000, ವಿಮೆಗೆ 12,000, ಚಾಲಕನಿಗೆ 60,000. ಒಟ್ಟು 3,24,000 ರೂ. ಸವಕಳಿ ಕಳೆದು ಉಳಿದ ಯಂತ್ರದ ಬೆಲೆ 6 ಲಕ್ಷವಾದರೆ, ಶೇ. 15ರ ದರದಲ್ಲಿ ಈ ವರ್ಷದ ಸವಕಳಿ 90,000. ಎಲ್ಲ ಸೇರಿ 4,14,000 ರೂ. ಬಾಡಿಗೆಯ ಪಾಲು ಮೂರರಲ್ಲಿ ಎರಡು, ಅಂದರೆ 2,76,000. ಗಂಟೆಗೆ 900 ರೂ.ನಂತೆ ಬಾಡಿಗೆ 3,60,000 ಬಂದಿದ್ದರೆ ಆದಾಯವೆಂದು ತೋರಿಸಬೇಕಾದದ್ದು 84,000 ರೂ. ಮಾತ್ರ. ಲೆಕ್ಕವಿಲ್ಲದವನು ಇದನ್ನು ತೋರಿಸಿಕೊಡುವುದು ಹೇಗೆ?

ಇದೇ ಲೆಕ್ಕದಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ. 4,14,000ವನ್ನು 600ರಿಂದ ಭಾಗಿಸಿದರೆ ಗಂಟೆಗೆ 690 ರೂ. ಪಕ್ಕದ ಊರಿನವನು 650ಕ್ಕೆ ಹೋಗುತ್ತಾನೆಂದು ತಾನೂ ಹೋದರೆ, ಕೈಯಲ್ಲಿ ಕಾಸು ಓಡಾಡಿದರೂ ಯಂತ್ರದ ಬೆಲೆಯೇ ಕರಗುತ್ತಿರುತ್ತದೆ. ತೆರಿಗೆ ಕಟ್ಟಬೇಕಾಗಿಲ್ಲದ ರೈತನಿಗೂ ಈ ಪುಸ್ತಕ ಬೇಕೆಂದು ನಾವು ಹೇಳುವುದು ಇದಕ್ಕೇ.

ಪುಸ್ತಕದಲ್ಲಿ ದಿನಾಂಕ, ಕೆಲಸ, ಯಾರ ಜಮೀನು, ಗಂಟೆ ಮೀಟರಿನ ಮೊದಲ ಮತ್ತು ಕೊನೆಯ ಅಂಕಿ, ಹಾಕಿಸಿದ ಡೀಸೆಲ್, ಬಂದ ಹಣ ಬರೆದರೆ ಸಾಕು. ಹಳೆಯ ಟ್ರ್ಯಾಕ್ಟರುಗಳ ಮೀಟರು ಎಂಜಿನ್ ಸುತ್ತುಗಳಿಗೆ ಹೊಂದಿಕೊಂಡು ಓಡುವುದರಿಂದ ನಿಧಾನದ ಕೆಲಸದಲ್ಲಿ ಗಡಿಯಾರಕ್ಕಿಂತ ಕಡಿಮೆ ತೋರಿಸುತ್ತದೆ. ಬಾಡಿಗೆ ಕೊಡುವವರು ಎಣಿಸುವುದು ಗಡಿಯಾರವನ್ನು. ಆದ್ದರಿಂದ ಎರಡನ್ನೂ ಬರೆಯುವುದು ಒಳ್ಳೆಯದು. ರಸೀದಿಗಳನ್ನು ತಿಂಗಳುವಾರು ಕಟ್ಟಿಡಬೇಕು. ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದು ಕೊಟ್ಟ ಖರ್ಚನ್ನು ಸಾಮಾನ್ಯವಾಗಿ ಕಳೆಯಲು ಬರುವುದಿಲ್ಲವಾದ್ದರಿಂದ ದೊಡ್ಡ ದುರಸ್ತಿಯ ಬಿಲ್ಲನ್ನು ಬ್ಯಾಂಕಿನ ಮೂಲಕವೇ ಪಾವತಿಸತಕ್ಕದ್ದು. ಹೊಸ ಯಂತ್ರ ಕೊಂಡ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಕೆಯಾಗಿದ್ದರೆ ಸವಕಳಿ ಅರ್ಧ ಮಾತ್ರ.

ಸರಕು ಸಾಗಣೆಯ ಪಿಕಪ್ ಇಟ್ಟು ಬಾಡಿಗೆಗೆ ಓಡಿಸುವವರಿಗೆ ಸುಲಭದ ದಾರಿಯೊಂದಿದೆ. ಹತ್ತಕ್ಕಿಂತ ಹೆಚ್ಚು ವಾಹನಗಳಿಲ್ಲದವರು ಇಂತಹ ಹಗುರ ವಾಹನವೊಂದಕ್ಕೆ ತಿಂಗಳಿಗೆ 7,500 ರೂ. ಆದಾಯವೆಂದು ತೋರಿಸಬಹುದು, ತಿಂಗಳಿನ ಭಾಗವೂ ಪೂರ್ಣ ತಿಂಗಳೆಂದೇ ಲೆಕ್ಕ. ಹಾಗೆ ತೋರಿಸಿದ ಮೇಲೆ ಡೀಸೆಲ್, ದುರಸ್ತಿ, ಸವಕಳಿಗಳನ್ನು ಮತ್ತೆ ಕಳೆಯುವಂತಿಲ್ಲ.