ಕ್ರೈಸ್ತ ನಂಬಿಕೆ ಮತ್ತು ವಿಜ್ಞಾನ: ಬೆಟಗೇರಿಯಿಂದ ಒಂದು ಟಿಪ್ಪಣಿ

ಲಕ್ಕುಂಡಿ ಎಂದೊಡನೆ ಪರೀಕ್ಷೆಯ ಅಭ್ಯರ್ಥಿಗಳಿಗೆ ಅತ್ತಿಮಬ್ಬೆ, ಅವರು ಕಟ್ಟಿಸಿದ ಬ್ರಹ್ಮ ಜಿನಾಲಯ ನೆನಪಾಗುತ್ತವೆ. ಅಲ್ಲಿಂದ ಸುಮಾರು ಹನ್ನೆರಡು ಕಿ.ಮೀ. ಆಚೆಗಿನ ಬೆಟಗೇರಿಯನ್ನೂ ಓದಿಕೊಳ್ಳಿ. ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು, 1841ರಲ್ಲಿ ಬೆಟಗೇರಿಯಲ್ಲಿ ಕೇಂದ್ರ ತೆರೆಯಿತು.

ಈ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ (1832–1903) ಸುವಾರ್ತೆ ಸಾರಲು ಬಂದವರು. ಆದರೆ ಅವರ ಕನ್ನಡ-ಇಂಗ್ಲಿಷ್ ನಿಘಂಟು (1894) ಬೈಬಲ್ಲಿನ ಅಧಿಕಾರದ ಮೇಲೆ ನಿಂತಿಲ್ಲ. ಪದಗಳಿಗೆ ಹಳಗನ್ನಡ ಕಾವ್ಯದ ಪ್ರಯೋಗ, ಜನರ ಗಾದೆ, ತಮಿಳು-ತೆಲುಗು-ತುಳುವಿನ ಸಂಬಂಧಿ ರೂಪ ಕೊಡುತ್ತಾ ಸಾಗುತ್ತಾರೆ. ಸಾಕ್ಷ್ಯ ಆಧರಿಸಿದ ಈ ಕೆಲಸಕ್ಕೆ 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಸಂದಿತು.

ಯುರೋಪಿನಲ್ಲಿ ಕ್ರೈಸ್ತ ನಂಬಿಕೆ ಮತ್ತು ವಿಜ್ಞಾನದ ಕಥೆಯನ್ನೂ ಬರೀ ಜಗಳವೆಂದು ಬರೆಯಬೇಡಿ. ಖಗೋಳ ವಿಜ್ಞಾನಿ ಗೆಲಿಲಿಯೊಗೆ 1633ರಲ್ಲಿ ಚರ್ಚಿನಿಂದ ಶಿಕ್ಷೆಯಾದದ್ದು ನಿಜ. ಸುಟ್ಟದ್ದು ಅವರನ್ನಲ್ಲ, ತತ್ವಜ್ಞಾನಿ ಬ್ರೂನೊನನ್ನು, 1600ರಲ್ಲಿ. ಗೆಲಿಲಿಯೊ ಪ್ರಕರಣದಲ್ಲಿ ತಪ್ಪಾಗಿತ್ತೆಂದು ಪೋಪ್ ಎರಡನೇ ಜಾನ್ ಪಾಲ್ ಒಪ್ಪಿದ್ದು 1992ರಲ್ಲಿ. ಆನುವಂಶೀಯತೆಯ ನಿಯಮಗಳನ್ನು ಕಂಡುಕೊಂಡ ಮೆಂಡೆಲ್ ಕ್ರೈಸ್ತ ಸನ್ಯಾಸಿ, 1927ರಲ್ಲಿ ವಿಸ್ತರಿಸುವ ವಿಶ್ವದ ಲೆಕ್ಕ ಮಂಡಿಸಿದ ಲಮೇತ್ರ್ ಪಾದ್ರಿ.

ನನ್ನ ಮಟ್ಟಿಗೆ ಲಮೇತ್ರ್ ಉದಾಹರಣೆಯೇ ಹೆಚ್ಚು ಗಟ್ಟಿ. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ವಿಶ್ವದ ಆರಂಭದ ಸಿದ್ಧಾಂತವನ್ನು ಸೃಷ್ಟಿಯ ನಂಬಿಕೆಗೆ ಆಧಾರವೆಂಬಂತೆ ಮಾತಾಡಿದಾಗ ಲಮೇತ್ರ್‌ಗೆ ಅದು ಹಿಡಿಸಲಿಲ್ಲ. ತಮ್ಮ ಸಿದ್ಧಾಂತ ದೇವರಿದ್ದಾನೆ ಎಂದೂ ಹೇಳುವುದಿಲ್ಲ, ಇಲ್ಲವೆಂದೂ ಹೇಳುವುದಿಲ್ಲ ಎಂಬುದು ಅವರ ನಿಲುವಾಗಿತ್ತು.